ಕುರಿಮಂದೆಯ ಜೊತೆ ಹೋದ ಔಷಧದ ಟ್ರಂಕು

ಟ್ರಂಕು ಕತ್ತೆಯ ಬೆನ್ನ ಮೇಲೆ ಹೋಗಬೇಕಾಗಿದ್ದರಿಂದ ನನಗೆ ಮೊದಲು ಹತ್ತಿದ್ದು ತೂಕದ ಯೋಚನೆ. ಕತ್ತೆಯ ಒಂದು ಪಕ್ಕಕ್ಕೆ ರಾಗಿ ಹಿಟ್ಟಿನ ಚೀಲ ಮತ್ತು ಪಾತ್ರೆಗಳು, ಇನ್ನೊಂದು ಪಕ್ಕಕ್ಕೆ ಕಂಬಳಿಗಳು ಮತ್ತು ರಾತ್ರಿ ಕುರಿ ಕೂಡಿಹಾಕುವ ಬಲೆ. ಆ ಬಲೆಯ ಮೇಲೆ ನನ್ನ ತಗಡಿನ ಟ್ರಂಕು ಕೂರಬೇಕಿತ್ತು. "ನಾಲ್ಕೈದು ಸೇರು ರಾಗಿ ತೂಗುವಷ್ಟಿರ್ಲಿ ಸಾ. ಅದಕ್ಕಿಂತ ಜಾಸ್ತಿ ಆದ್ರೆ ಹೊರೆ ವಾಲ್ತದೆ, ಕತ್ತೆ ದಾರೀಲೇ ಮಲಗ್ಬುಡ್ತದೆ" ಎಂದು ಮಂದೆಯ ಯಜಮಾನರು ಮೊದಲೇ ಹೇಳಿದ್ದರು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿಗೆ ಹೋಗುವ ದಾರಿಗೆ ಸ್ವಲ್ಪ ಒಳಗಿದ್ದ ಊರೊಂದರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ಕಾಂಪೌಂಡರ್ ಆಗಿದ್ದೆ. ಊರಿನ ಸುತ್ತ ತೆಂಗಿನ ತೋಟ, ತೋಟ ದಾಟಿದರೆ ಬೋಳು ಗುಡ್ಡ, ಗುಡ್ಡದ ಮಗ್ಗುಲಲ್ಲಿ ಕುರಿಗಾರರ ಹಟ್ಟಿ. ಹಟ್ಟಿಯವರು ಸುಗ್ಗಿ ಮುಗಿಯುವವರೆಗೆ ತೋಟದವರ ಹತ್ತಿರ ಮಂದೆ ನಿಲ್ಲಿಸಿ ಗೊಬ್ಬರ ಮಾಡಿಕೊಡುತ್ತಿದ್ದರು. ಸಂಕ್ರಾಂತಿ ಕಳೆದು ಮೇವು ತೀರಿದಾಗ ಭದ್ರಾ ಕಾಲುವೆಯ ಸೀಮೆಗೆ ಹೊರಟುಬಿಡುತ್ತಿದ್ದರು. ಗದ್ದೆ ಕುಯ್ದ ಕೂಳೆಯಲ್ಲಿ ಕುರಿ ಮೇಯಿಸಿಕೊಂಡು ಮುಂಗಾರು ಬೀಳುವ ಹೊತ್ತಿಗೆ ವಾಪಸು. ಆ ನಾಲ್ಕೈದು ತಿಂಗಳು ಅವರಿಗೆ ಊರಿಲ್ಲ, ಆಸ್ಪತ್ರೆಯಿಲ್ಲ. ಹಿಂದಿನ ವರ್ಷ ಅವರಲ್ಲೊಬ್ಬ ಕಾಲುವೆಯ ದಂಡೆಯಲ್ಲಿ ಚಳಿಜ್ವರ ಬಂದು ಮೂರೇ ದಿನದಲ್ಲಿ ತೀರಿಕೊಂಡಿದ್ದ. ನಮ್ಮ ಕಪಾಟಿನಲ್ಲಿ ಧಾರಾಳವಾಗಿ ಬಿದ್ದಿರುವ ನಾಲ್ಕು ಮಲೇರಿಯಾ ಮಾತ್ರೆ ಅವನ ಹೊಟ್ಟೆಗೆ ಬಿದ್ದಿದ್ದರೆ ಬದುಕುತ್ತಿದ್ದನೇನೋ ಎಂಬುದು ನನ್ನ ತಲೆಯಲ್ಲಿ ಕೂತಿತ್ತು. ಮಂದೆಯ ಜೊತೆ ಒಂದು ಔಷಧದ ಪೆಟ್ಟಿಗೆ ಕಳಿಸೋಣ ಎಂದು ಡಾಕ್ಟರನ್ನು ಕೇಳಿದೆ.

ಡಾಕ್ಟರು ಕೆಟ್ಟವರಲ್ಲ, ಎಚ್ಚರಿಕೆಯ ಮನುಷ್ಯ. "ಓದೋಕೆ ಬರದವರ ಕೈಗೆ ಮಾತ್ರೆ ಕೊಟ್ಟು ಕಳಿಸ್ತೀರಾ? ಕೊಡಿ. ಆದರೆ ಏನಾದ್ರೂ ಆದ್ರೆ ಜವಾಬ್ದಾರಿ ನಿಮ್ದು ಕಣ್ರೀ" ಎಂದರು.

ನಾನು ಹಟ್ಟಿಗೆ ಹೋಗಿ ಕೂತು ಕೇಳಿದೆ: ಎಷ್ಟು ಜನ ಹೋಗುತ್ತೀರಿ, ಎಷ್ಟು ದಿನ, ಎಲ್ಲೆಲ್ಲಿ ತಂಗುತ್ತೀರಿ, ಹೋದ ವರ್ಷ ಯಾರಿಗೆ ಏನಾಯಿತು? ಗಂಡಸರು ಮಳೆ, ಮೇವು, ಗದ್ದೆಯವರ ಜೊತೆ ಆದ ಜಗಳ ಹೇಳಿದರು. ಕಾಯಿಲೆಯ ವಿಷಯ ಸರಿಯಾಗಿ ಹೇಳಿದವರು ಯಜಮಾನರ ತಂಗಿ. ಗಂಡ ಸತ್ತ ಮೇಲೆ ಅಣ್ಣನ ಮನೆ ಸೇರಿದ್ದವರು, ಮಂದೆಯ ಜೊತೆ ಪ್ರತಿ ವರ್ಷ ಹೋಗಿ ಹನ್ನೆರಡು ಜನಕ್ಕೆ ಮುದ್ದೆ ಬೇಯಿಸುತ್ತಿದ್ದವರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಿರಬಹುದು. ಅಕ್ಕ ಎಂದೇ ಕರೆಯುತ್ತಿದ್ದೆ. ಅವರು ಬೆರಳು ಮಡಿಚಿಕೊಂಡು ಹೇಳುತ್ತ ಹೋದರು: ಇಬ್ಬರಿಗೆ ಚಳಿಜ್ವರ, ಎಲ್ಲರಿಗೂ ಒಂದೊಂದು ಸಲ ಭೇದಿ, ಮೂವರಿಗೆ ಮುಳ್ಳು ಚುಚ್ಚಿ ಕೀವು, ಒಬ್ಬನಿಗೆ ಕಣ್ಣು ಬೇನೆ. ನಾನು ಪಟ್ಟಿ ಬರೆದುಕೊಂಡೆ. ಔಷಧದ ಪಟ್ಟಿ ಆ ಪಟ್ಟಿಯಿಂದಲೇ ಹುಟ್ಟಿತು.

ಜ್ವರಕ್ಕೆ ಮಲೇರಿಯಾ ಮಾತ್ರೆ. ಭೇದಿಗೆ ಉಪ್ಪು ಸಕ್ಕರೆಯ ಪುಡಿ, ರಕ್ತ ಬಿದ್ದರೆ ಸಲ್ಫಾ ಮಾತ್ರೆ. ಗಾಯಕ್ಕೆ ಟಿಂಚರು, ನೀಲಿ ಔಷಧ, ಬ್ಯಾಂಡೇಜು, ಗಾಯ ಊದಿಕೊಂಡರೆ ಅದಕ್ಕೂ ಸಲ್ಫಾ. ಹೊರಡುವ ಮೊದಲೇ ಎಲ್ಲರಿಗೂ ಧನುರ್ವಾಯುವಿನ ಇಂಜೆಕ್ಷನ್. ಹಾವು ಕಚ್ಚಿದರೆ ಮಾತ್ರ ಪೆಟ್ಟಿಗೆಯಲ್ಲಿ ಏನೂ ಇಲ್ಲ, ಹತ್ತಿರದ ಆಸ್ಪತ್ರೆಗೆ ಓಡಬೇಕು ಎಂದು ಎರಡೆರಡು ಸಲ ಹೇಳಿದೆ. ಗಾಜಿನ ಬಾಟಲಿಗಳ ಬಿರಡೆಯ ಮೇಲೆ ಮೇಣದಬತ್ತಿ ಕರಗಿಸಿ ಹುಯ್ದೆ. ಬಾಟಲಿಗಳ ನಡುವೆ ತೆಂಗಿನ ನಾರು ತುಂಬಿದೆ. ಮಾತ್ರೆಗಳನ್ನು ಒಬ್ಬ ಮನುಷ್ಯನಿಗೆ ಒಂದು ಸಲದ ಕಾಯಿಲೆಗೆ ಎಷ್ಟು ಬೇಕೋ ಅಷ್ಟರ ಪೊಟ್ಟಣ ಮಾಡಿದೆ, ಎಣಿಸುವ ಕೆಲಸ ಅವರಿಗೆ ಬೀಳದಿರಲಿ ಎಂದು.

ಗುರುತಿಗೆ ಬಣ್ಣದ ದಾರ ಕಟ್ಟಿದ್ದೆ. ಅಕ್ಕ ನೋಡಿ ತಲೆ ಆಡಿಸಿದರು. "ಮಬ್ಬಾದ್ರೆ ಬಣ್ಣ ಕಾಣಾಕಿಲ್ಲ ಸಾ. ಕೈಗೆ ಗೊತ್ತಾಗ ಹಂಗೆ ಕಟ್ಟಿ." ಅವರೇ ದಾರಿ ತೋರಿಸಿದರು. ಜ್ವರದ ಪೊಟ್ಟಣಕ್ಕೆ ಉಣ್ಣೆಯ ದಾರ, ಭೇದಿಯದಕ್ಕೆ ಹತ್ತಿಯ ನೂಲು, ಗಾಯದ್ದಕ್ಕೆ ನಾರಿನ ಹುರಿ. ದಿನಕ್ಕೆ ಎಷ್ಟು ಸಲವೋ ಅಷ್ಟು ಗಂಟು. ಅವರು ಕಣ್ಣು ಮುಚ್ಚಿ ಕೈಯಾಡಿಸಿ ಒಂದೊಂದನ್ನೂ ಸರಿಯಾಗಿ ಹೇಳಿದಾಗ ನನಗೆ ಪರೀಕ್ಷೆ ಪಾಸಾದಷ್ಟು ಸಂತೋಷವಾಯಿತು. ಅದೇ ವಾರ ಹಟ್ಟಿಯ ಇಬ್ಬರು ಬಸುರಿ ಹೆಂಗಸರನ್ನು ಅವರೇ ಕರೆದುಕೊಂಡು ಬಂದು ನಮ್ಮ ನರ್ಸಮ್ಮನಿಗೆ ತೋರಿಸಿದರು. ಅಲ್ಲಿಯವರೆಗೆ ಹಟ್ಟಿಯವರು ಕೇಂದ್ರದ ಹೊಸ್ತಿಲು ತುಳಿದದ್ದು ಕಡಿಮೆ.

ಮಂದೆ ಹೊರಟಿತು. ನಾನು ಜಿಲ್ಲಾ ಕಚೇರಿಗೆ ಕಳಿಸಲೆಂದು ಈ ಪೆಟ್ಟಿಗೆಯ ಬಗ್ಗೆ ಎರಡು ಪುಟದ ವರದಿ ಬರೆಯಲು ಶುರು ಮಾಡಿದೆ. ಊರಾಡುವ ಕುರಿಗಾರರು ನಮ್ಮ ತಾಲ್ಲೂಕಿನಲ್ಲೇ ಎಷ್ಟೋ ಗುಂಪು ಇದ್ದರು. ಎಲ್ಲರಿಗೂ ಇಂಥದೊಂದು ಪೆಟ್ಟಿಗೆ ಸಿಗಲಿ ಎಂಬುದು ಆಸೆ. ಅದರ ಹಿಂದೆ ನನ್ನ ಹೆಸರೂ ಇರಲಿ ಎಂಬ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮೊದಲ ಮಳೆ ಬಿದ್ದ ವಾರ ಯಜಮಾನರು ಟ್ರಂಕು ಹೊತ್ತುಕೊಂಡು ಬಂದರು. ಹೆಗಲ ಮೇಲೆ ಒಂದು ಹೊಸ ಕಂಬಳಿ. ಆ ವರ್ಷ ಯಾರೂ ಸತ್ತಿರಲಿಲ್ಲ. ಮೂವರಿಗೆ ಚಳಿಜ್ವರ ಬಂದು ಮಾತ್ರೆಯಲ್ಲಿ ಇಳಿದಿತ್ತು. ಟ್ರಂಕು ತೆಗೆದೆ. ಉಣ್ಣೆ ದಾರದ ಪೊಟ್ಟಣಗಳು ಇನ್ನೂ ಉಳಿದಿದ್ದವು. ಸಲ್ಫಾ ಇದ್ದ ಪೊಟ್ಟಣ ಒಂದೂ ಇಲ್ಲ, ಹತ್ತಿಯ ನೂಲಿನದೂ ಇಲ್ಲ, ನಾರಿನ ಹುರಿಯದೂ ಇಲ್ಲ.

"ಇಷ್ಟೊಂದು ಜನಕ್ಕೆ ರಕ್ತಭೇದಿ ಆಯ್ತಾ?" ಎಂದು ಕೇಳಿದೆ.

"ಜನಕ್ಕಲ್ಲ ಸಾ, ಮರಿಗಳಿಗೆ" ಎಂದರು ಯಜಮಾನರು, ಮುಖದ ತುಂಬ ನಗು. "ಕುರಿಮರಿಗಳಿಗೆ ರಕ್ತಭೇದಿ ಹತ್ಕಂಡ್ಬುಡ್ತು. ದಿನಕ್ಕೆರಡು ಸಾಯ್ತಿದ್ವು. ನಿಮ್ಮ ಮಾತ್ರೆ ಅರೆದು ಕುಡಿಸಿದ್ವಿ ನೋಡಿ, ನಿಂತೇಹೋಯ್ತು. ಮೂವತ್ತು ಮರಿ ಉಳಿದಾವೆ. ನಿಮ್ಮ ಹೆಸರು ಹೇಳ್ಕಂಡು ತಿರುಗಾಡ್ತಾವೆ." ಹಾಗೆಂದು ಕಂಬಳಿಯನ್ನು ನನ್ನ ಮೇಜಿನ ಮೇಲಿಟ್ಟರು.

ಡಾಕ್ಟರು ಒಳಗಿನಿಂದ ಕೇಳಿಸಿಕೊಂಡು ಹೊರಗೆ ಬಂದರು. ಹೆಲ್ತ್ ಇನ್‌ಸ್ಪೆಕ್ಟರು, ನರ್ಸಮ್ಮ ಇಬ್ಬರೂ ಅಲ್ಲೇ ಇದ್ದರು. "ನೋಡಿ, ಸರ್ಕಾರದ ಸಲ್ಫಾ ತಿಂದು ಕುರಿ ದಪ್ಪಗಾಗಿವೆಯಂತೆ. ವರದೀಲಿ ಇದನ್ನೂ ಬರೀರಿ" ಎಂದರು ಡಾಕ್ಟರು. ಎಲ್ಲರೂ ನಕ್ಕರು. ಯಜಮಾನರೂ, ಯಾಕೆಂದು ತಿಳಿಯದೆ, ಜೊತೆಗೆ ನಕ್ಕರು. ನನ್ನ ಕಿವಿ ಕೆಂಪಗಾಯಿತು. ಕಂಬಳಿಯನ್ನು ಅವರ ಕೈಗೇ ವಾಪಸು ತುರುಕಿದೆ.

"ಮನುಷ್ಯರಿಗೆ ಅಂತ ಕೊಟ್ಟದ್ದು ಕುರಿಗೆ ಹಾಕ್ತೀರಾ? ದಾರೀಲಿ ಒಬ್ಬನಿಗೆ ಬೇಕಾಗಿದ್ದಿದ್ರೆ ಏನ್ ಮಾಡ್ತಿದ್ರಿ?"

ಅವರ ನಗು ನಿಂತಿತು. "ಕುರಿ ಹೋದ್ರೆ ಮನುಷ್ಯ ಉಳಿದು ಏನ್ ತಿಂತಾನೆ ಸಾ?" ಎಂದರು ಮೆಲ್ಲಗೆ. ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ವರದಿಯನ್ನು ನಾನು ಹರಿದು ಹಾಕಿದೆ.

ಆವತ್ತು ನಾನು ಇನ್ನೊಂದು ಪ್ರಶ್ನೆ ಕೇಳಬಹುದಿತ್ತು. ಎಲ್ಲಿ, ಯಾವಾಗ ಹಾಕಿದಿರಿ ಎಂದು. ಪಟ್ಟಿ ಮಾಡುವಾಗ ಅಷ್ಟು ಪ್ರಶ್ನೆ ಕೇಳಿದವನು ಆವತ್ತು ಕೇಳಲಿಲ್ಲ. ಉತ್ತರ ನನಗೆ ಗೊತ್ತೇ ಇದೆ ಎಂದುಕೊಂಡಿದ್ದೆ.

ಮುಂದಿನ ಪುಷ್ಯ ಮಾಸಕ್ಕೆ ಅಣ್ಣ ತಂಗಿ ಇಬ್ಬರೂ ಮತ್ತೆ ಬಂದರು. ಟ್ರಂಕನ್ನು ತೊಳೆದು ಒಣಗಿಸಿ ತಂದಿದ್ದರು. ಅವರು ಬರುವ ಹಿಂದಿನ ದಿನವೇ ನಾನು ತೀರ್ಮಾನ ಮಾಡಿದ್ದೆ. ಕುರಿಗೆ ಉಪಯೋಗಕ್ಕೆ ಬರುವಂಥದು ಒಂದೂ ಟ್ರಂಕಿನಲ್ಲಿ ಹೋಗಕೂಡದು. ಮಲೇರಿಯಾ ಮಾತ್ರೆ ಇರಲಿ, ಉಪ್ಪು ಸಕ್ಕರೆಯ ಪುಡಿ ದುಪ್ಪಟ್ಟಿರಲಿ, ಟಿಂಚರು ಬ್ಯಾಂಡೇಜು ಇರಲಿ. ಸಲ್ಫಾ ಬೇಡ. ಪಟ್ಟಿಯಲ್ಲಿ ಅದರ ಮೇಲೆ ಗೆರೆ ಎಳೆದೆ. ಆ ಹೊತ್ತಿಗೆ ಅದು ಶಿಕ್ಷೆ ಎಂದು ನನಗೆ ಅನ್ನಿಸಿರಲಿಲ್ಲ. ಕ್ರಮ ಎಂದು ಅನ್ನಿಸಿತ್ತು.

ಅಕ್ಕ ಜಗಲಿಯ ಮೇಲೆ ಕೂತು ಒಂದೊಂದೇ ಪೊಟ್ಟಣ ಮುಟ್ಟಿ ನೋಡಿದರು.

"ಹುರಿ ಕಟ್ಟಿದ್ದು ಕಾಣ್ತಿಲ್ವಲ್ಲ ಸಾ?"

ನೇರವಾಗಿ ಹೇಳಿದ್ದರೆ ಜಗಳವಾಗುತ್ತಿತ್ತು, ಅವರು ಬೇಡಿಕೊಳ್ಳುತ್ತಿದ್ದರು, ನಾನು ಸೋಲುತ್ತಿದ್ದೆ. "ಈ ಸಲ ಸ್ಟಾಕ್ ಬಂದಿಲ್ಲಕ್ಕ" ಎಂದೆ. ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ ಸಾವಿರ ಮಾತ್ರೆಯ ಡಬ್ಬ, ಸೀಲು ಒಡೆಯದ್ದು, ಇತ್ತು.

"ಹಂಗಾರೆ ಸರಿ ಬುಡಿ. ಇಲ್ದಿದ್ದು ನೀವಾದ್ರೂ ಎಲ್ಲಿಂದ ತರ್ತೀರಾ" ಎಂದು ಟ್ರಂಕಿನ ಮುಚ್ಚಳ ಹಾಕಿಕೊಂಡರು. ಗಾಯ ಊದಿದರೆ ತಡ ಮಾಡದೆ ಹತ್ತಿರದ ಆಸ್ಪತ್ರೆಗೆ ಹೋಗಿ ಎಂದು ಹೇಳಿದೆ. ಆಗಲಿ ಎಂದರು. ಕಾಲುವೆ ಸೀಮೆಯ ಗದ್ದೆಬಯಲಿನಲ್ಲಿ ಹತ್ತಿರದ ಆಸ್ಪತ್ರೆ ಎಂದರೆ ಎಷ್ಟು ಹತ್ತಿರ ಎಂದು ಹಿಂದಿನ ವರ್ಷ ನಾನೇ ಕೇಳಿ ಬರೆದುಕೊಂಡಿದ್ದೆ. ಆ ಕಾಗದ ಮೇಜಿನ ಖಾನೆಯಲ್ಲೇ ಇತ್ತು.

ಯುಗಾದಿ ಕಳೆದು ಹತ್ತು ದಿನವಾಗಿರಬಹುದು. ಬೆಳಿಗ್ಗೆ ರೋಗಿಗಳ ಸಾಲು ಕರಗುವ ಹೊತ್ತಿಗೆ ಯಜಮಾನರು ಒಬ್ಬರೇ ಬಾಗಿಲಲ್ಲಿ ನಿಂತಿದ್ದರು. ಮಂದೆ ವಾಪಸಾಗುವ ಕಾಲವಲ್ಲ ಅದು.

"ತಂಗೀಗೆ ಕಾಲು ತೆಗೆದ್ಬುಟ್ರು ಸಾ" ಎಂದರು.

ಕೂರಿಸಿ ನೀರು ಕೊಟ್ಟು ಕೇಳಿದೆ. ಸೌದೆ ಆರಿಸುವಾಗ ಜಾಲಿ ಮುಳ್ಳು ಅಂಗಾಲಿಗೆ ಹೊಕ್ಕು ಒಳಗೇ ಮುರಿದಿತ್ತು. ಕಿತ್ತು, ಟಿಂಚರು ಹಾಕಿ, ಬಟ್ಟೆ ಕಟ್ಟಿದ್ದರು. ಮೂರನೇ ದಿನಕ್ಕೆ ಪಾದ ಊದಿತು. ಕೂಳೆ ಮುಗಿದಿದ್ದರಿಂದ ಮಂದೆ ಮುಂದಿನ ಊರಿಗೆ ಹೊರಟಿತ್ತು. ಒಬ್ಬರಿಗಾಗಿ ನಾನೂರು ಕುರಿ ನಿಲ್ಲುವ ಹಾಗಿರಲಿಲ್ಲ. ಅಕ್ಕನೂ ನಡೆದರು, ಕೋಲೂರಿಕೊಂಡು, ಎರಡು ದಿನ. ಆಮೇಲೆ ಕತ್ತೆಯ ಹೊರೆ ಇಳಿಸಿ ಅದರ ಮೇಲೆ ಕೂರಿಸಿದರು. ಜ್ವರ ಏರಿದಾಗ ಚಳಿಜ್ವರವೆಂದು ಉಣ್ಣೆ ದಾರದ ಮಾತ್ರೆ ಕೊಟ್ಟರು. ಕಾಲಿನ ಬಣ್ಣ ತಿರುಗಿದ ಮೇಲೆ ಗದ್ದೆಯ ರೈತನೊಬ್ಬ ತನ್ನ ಗಾಡಿ ಕಟ್ಟಿ ಪೇಟೆಯ ಆಸ್ಪತ್ರೆಗೆ ಸೇರಿಸಿದ. ಅಲ್ಲಿ ಮೊಣಕಾಲಿನ ಕೆಳಗೆ ತೆಗೆದರು.

ಹಟ್ಟಿಗೆ ಸುದ್ದಿ ಮುಟ್ಟಿಸಿ ದುಡ್ಡು ಬಟ್ಟೆ ಒಯ್ಯಲು ಬಂದಿದ್ದರು. ನಾನು ಎರಡು ದಿನ ರಜೆ ಹಾಕಿ ಅವರ ಜೊತೆ ಬಸ್ಸು ಹತ್ತಿದೆ. ಹುಳಿಯಾರು, ಹೊಸದುರ್ಗ, ಅಲ್ಲಿಂದ ಇನ್ನೊಂದು ಬಸ್ಸು.

ವಾರ್ಡಿನ ಹೊರಗೆ ಅಲ್ಲಿನ ಡಾಕ್ಟರು ಸಿಕ್ಕರು. ನಾನು ಕಾಂಪೌಂಡರ್ ಎಂದು ತಿಳಿದ ಮೇಲೆ ಸಲುಗೆಯಿಂದಲೇ ಮಾತಾಡಿದರು. "ಟೆಟನಸ್ ಹಾಕಿದ್ದು ಒಳ್ಳೇದಾಯ್ತು. ಆದರೆ ಪೆಟ್ಟಿಗೆ ಕಳಿಸೋರು ಒಂದಿಷ್ಟು ಸಲ್ಫಾನಾದ್ರೂ ಹಾಕೋದಲ್ವಾ?"

"ಹಾಕಿದ್ದಿದ್ರೆ ಕಾಲು ಉಳೀತಿತ್ತಾ ಸಾರ್?"

"ಊದಿದ ದಿನವೇ ಶುರು ಮಾಡಿದ್ದಿದ್ರೆ ಉಳೀತಿತ್ತೇನೋ. ಉಳೀದೇನೂ ಇರಬಹುದಿತ್ತು. ಹೇಗೆ ಹೇಳೋದು" ಎಂದು ಅವರು ಮುಂದೆ ಹೋದರು. ಆ ಎರಡು ಮಾತನ್ನೂ ನಾನು ಇಷ್ಟು ವರ್ಷ ತೂಗಿ ನೋಡಿದ್ದೇನೆ. ಮನಸ್ಸು ಪ್ರತಿ ಸಲವೂ ಮೊದಲನೆಯದರ ಕಡೆಗೇ ವಾಲಿದೆ.

ಅಕ್ಕ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಟ್ರಂಕು ಮಂಚದ ಕೆಳಗಿತ್ತು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು, "ಅಷ್ಟು ದೂರದಿಂದ ಯಾಕ್ ಬರಾಕೋದ್ರಿ ಸಾ" ಎಂದರು. ನೋವಿದೆಯಾ ಎಂದು ಕೇಳಿದೆ. ಇಲ್ಲದ ಪಾದ ನವೆಯಾಗುತ್ತದೆ, ಕೆರೆಯೋಣವೆಂದು ಕೈ ಹೋಗುತ್ತದೆ ಎಂದರು.

ಆಮೇಲೆ ತಾವಾಗಿಯೇ ಹಳೆಯ ಮಾತು ತೆಗೆದರು. ತಂಗಿಯನ್ನು ಹಟ್ಟಿಗೆ ಕರೆದೊಯ್ಯುವ ಗಾಡಿಯ ಬಾಡಿಗೆ ಮಾತಾಡಿ ಬರುತ್ತೇನೆಂದು ಅಣ್ಣ ಹೊರಗೆ ಹೋಗಿದ್ದರು.

"ಹೋದ ಸಲ ನಿಮಗೆ ನಮ್ಮ ಮ್ಯಾಲೆ ಸಿಟ್ಟು ಬಂದಿತ್ತಂತೆ. ಅಣ್ಣ ಹೇಳ್ತು. ನಾನೇ ಬಂದು ಹೇಳ್ಬೇಕಿತ್ತು. ಆ ಮಾತ್ರೆ ನಾನು ನಾಕು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದಿದ್ದೆ ಸಾ. ಮರಿಗಳು ಸಾಯ್ತಾ ಇದ್ರೂವೆ ಅಣ್ಣಂಗೆ ಕೊಟ್ಟಿರ್ಲಿಲ್ಲ. ಮನುಷ್ಯರದ್ದು ಇದು, ಊರು ಮುಟ್ಟೋಗಂಟ ಮುಟ್ಟಬ್ಯಾಡ ಅಂತಿದ್ದೆ. ಬೋರನಕಣಿವೆ ಹಿನ್ನೀರತ್ರ ಬಂದ್ವಿ. ಇನ್ನೆರಡು ದಿನಕ್ಕೆ ಹಟ್ಟಿ. ಜನ ಎಲ್ಲಾ ಗಟ್ಟಿಯಾಗವ್ರೆ. ಇನ್ಯಾಕೆ ಇಟ್ಕಳದು ಅಂತ ಅವಾಗ ಅರೆದು ಕುಡಿಸ್ದೆ. ತಪ್ಪಾಗಿದ್ರೆ ನಂದೇ."

ನಾನು ಅವರ ಮುಖ ನೋಡಲಾರದೆ ಟ್ರಂಕನ್ನು ನೋಡುತ್ತ ಕೂತೆ. ಬೋರನಕಣಿವೆಯಿಂದ ನಮ್ಮ ಕೇಂದ್ರಕ್ಕೆ ಒಂದು ಬಸ್ಸಿನ ದಾರಿ. ಅಲ್ಲಿ ಯಾರಿಗೆ ಏನಾಗಿದ್ದರೂ ಸಂಜೆಯೊಳಗೆ ನನ್ನ ಮುಂದೆ ಇರುತ್ತಿದ್ದರು. ನಾನು ಯೋಚಿಸಬಹುದಾದ ಎಲ್ಲ ಎಚ್ಚರಿಕೆಯನ್ನೂ ಆಕೆ ನನಗಿಂತ ಮೊದಲೇ ಯೋಚಿಸಿದ್ದರು.

"ಈ ಸಲಾನೂ ನಿಮ್ಮತ್ರ ಇದ್ದಿದ್ರೆ ಕೊಟ್ಟೇ ಇರ್ತಿದ್ರಿ" ಎಂದರು. ನನ್ನನ್ನು ಸಮಾಧಾನ ಮಾಡುವ ದನಿ ಅದು. "ಹಣೇಲಿ ಬರೆದಿದ್ದು, ಯಾರೇನ್ ಮಾಡಕಾಯ್ತದೆ."

ಆಸ್ಪತ್ರೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಯಜಮಾನರು ಬೀಡಿ ಸೇದುತ್ತ ಕೂತಿದ್ದರು. ಅವರ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಸ್ಟಾಕ್ ಇತ್ತು, ಡಬ್ಬ ತುಂಬ ಇತ್ತು, ಬೇಕೆಂದೇ ಹಾಕಲಿಲ್ಲ, ಇಲ್ಲವೆಂದು ಸುಳ್ಳು ಹೇಳಿದೆ ಎಂದು. ಹೊಡೆಯಲಿ ಎಂದು ನಿಜವಾಗಿ ಬಯಸಿದ್ದೆ.

ಅವರು ಬೀಡಿ ನೆಲಕ್ಕೆ ಒತ್ತಿದರು.

"ನಾನು ಮರಿಗೆ ಹಾಕಿದ್ವಿ ಅಂದಾಗ ನೀವು ಸಿಟ್ಟಾದ್ರಿ. ಸರಿ. ಬೈದಿದ್ರೆ ಬೈಸ್ಕತಿದ್ವಿ. ಕೊಡಾಕಿಲ್ಲ ಅಂದಿದ್ರೆ ಪೇಟೆ ಅಂಗಡೀಲಿ ಎಲ್ಲಾದ್ರೂ ತಕತಿದ್ವಿ. ಇಲ್ಲ ಅಂದ್ರಿ. ಸರ್ಕಾರದಲ್ಲೇ ಇಲ್ಲ ಅಂದ್ಮೇಲೆ ಎಲ್ಲೂ ಸಿಗಾಕಿಲ್ಲ ಅಂತ ನಾವು ನಂಬಿದ್ವಿ."

"ಅಕ್ಕಂಗೆ ಹೇಳಿಬಿಡ್ತೀನಿ" ಎಂದು ನಾನು ಎದ್ದೆ.

ಅವರು ನನ್ನ ಕೈ ಹಿಡಿದು ಕೂರಿಸಿದರು. ಹಿಡಿತ ಗಟ್ಟಿಯಾಗಿತ್ತು. "ಹೇಳಬ್ಯಾಡಿ. ಅವಳ ಮಾತು ಕೇಳ್ಕಂಡು ನಮ್ಮ ಹೆಣ್ಮಕ್ಕಳು ಆಸ್ಪತ್ರೆ ಮೆಟ್ಲು ಹತ್ತಾವ್ರೆ. ಇದು ಗೊತ್ತಾದ್ರೆ ಅವಳೂ ಬರಾಕಿಲ್ಲ, ಯಾರನ್ನೂ ಕಳಿಸಾಕಿಲ್ಲ. ಕಾಲಂತೂ ಹೋಯ್ತು. ನಿಮ್ಮ ಮನಸ್ಸು ಹಗುರ ಮಾಡ್ಕಳಾಕೆ ಅವಳ ನಂಬಿಕೇನೂ ಕಳೀಬ್ಯಾಡಿ."

ಆಮೇಲೆ ಅವರು ನನ್ನನ್ನು ಸಾ ಎಂದು ಕರೆಯಲಿಲ್ಲ. ಬಸ್ಸು ಬರುವವರೆಗೆ ಏನೂ ಕರೆಯಲಿಲ್ಲ.

ಊರಿಗೆ ಬಂದು ಡಾಕ್ಟರಿಗೂ ಹೇಳಿದೆ. "ನಾನೂ ಆವತ್ತು ಅಷ್ಟೆಲ್ಲ ನಗಬಾರದಿತ್ತು" ಎಂದಷ್ಟೇ ಅವರು ಅಂದರು. ಆ ವರ್ಷ ಪೂರ್ತಿ ಪೆಟ್ಟಿಗೆಯನ್ನು ಹೊಸದಾಗಿ ಯೋಚಿಸಿದೆ. ಪಶು ಆಸ್ಪತ್ರೆಗೆ ನಾಲ್ಕು ಸಲ ಅಲೆದು, ಮರಿಗಳ ರಕ್ತಭೇದಿಗೆ ಬೇರೆಯೇ ಮಾತ್ರೆ ಕೊಡುವಂತೆ ಅಲ್ಲಿನವರನ್ನು ಒಪ್ಪಿಸಿದೆ. ಅದನ್ನು ಟ್ರಂಕಿನಲ್ಲಿ ಬೇರೆ ಚೀಲದಲ್ಲಿಟ್ಟು ತೊಗಲಿನ ಪಟ್ಟಿ ಕಟ್ಟಿದೆ. ಮನುಷ್ಯರ ಸಲ್ಫಾ ಮೊದಲಿಗಿಂತ ಹೆಚ್ಚು ಹಾಕಿದೆ. ಮಂದೆ ತಂಗುವ ಒಂದೊಂದು ಊರಿಗೂ ಹತ್ತಿರದ ಆಸ್ಪತ್ರೆ ಯಾವುದು, ನಡೆದರೆ ಎಷ್ಟು ಹೊತ್ತು ಎಂದು ಕೇಳಿ, ದಾರಿಯವರಿಗೆ ತೋರಿಸಿ ಓದಿಸಲು ಒಂದು ಕಾಗದ ಬರೆದಿಟ್ಟೆ. ಇದಕ್ಕೆಲ್ಲ ನನಗೆ ಹೊಸ ವಿದ್ಯೆಯೇನೂ ಬೇಕಾಗಿರಲಿಲ್ಲ. ಹಿಂದಿನ ವರ್ಷವೇ ಮಾಡಬಹುದಾಗಿತ್ತು.

ಸಂಕ್ರಾಂತಿ ಬಂತು. ಟ್ರಂಕು ಒಯ್ಯಲು ಯಾರೂ ಬರಲಿಲ್ಲ. ಮೂರು ದಿನ ಕಾದು, ನಾಲ್ಕನೆಯ ದಿನ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ನಾನೇ ಹೊರಟೆ. ತೋಟ ಮುಗಿದ ಮೇಲೆ ಕಲ್ಲು ದಾರಿ. ಸೈಕಲ್ಲು ಅಲ್ಲೇ ಒರಗಿಸಿ ಹೆಗಲ ಮೇಲೆ ಹೊತ್ತುಕೊಂಡು ಹಟ್ಟಿ ಸೇರಿದೆ. ಯಜಮಾನರು ಜಗಲಿಯ ಮೇಲೆ ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದರು. ನನ್ನನ್ನು ಕಂಡರು. ಬಲೆ ಬದಿಗಿಟ್ಟು, ಕೋಲು ತೆಗೆದುಕೊಂಡು, ಕುರಿರೊಪ್ಪದ ಕಡೆಗೆ ನಡೆದುಬಿಟ್ಟರು.

ಅಕ್ಕ ಒಳಗಿನಿಂದ ಕಂಕುಳಿಗೆ ಕೋಲು ಕೊಟ್ಟುಕೊಂಡು ಬಂದರು. ಆ ವರ್ಷದಿಂದ ಮಂದೆಯ ಜೊತೆ ಹೋಗುವವಳು ಯಜಮಾನರ ಸೊಸೆ. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಅವಳ ಬೆರಳು ಹಿಡಿದು, ಒಂದೊಂದು ಪೊಟ್ಟಣವನ್ನೂ ಮುಟ್ಟಿಸಿ ಹೇಳಿಕೊಟ್ಟರು. ಅವಳು ತಪ್ಪಿದಾಗ ಮತ್ತೆ ಮೊದಲಿನಿಂದ. ತೊಗಲಿನ ಪಟ್ಟಿಯದು ಕುರಿಗಳಿಗೆ ಎಂದು ನಾನು ಹೇಳಿದಾಗ ಅಕ್ಕ ಅದನ್ನು ಕೈಯಲ್ಲಿ ತೂಗಿ ನೋಡಿ, "ಇದೂ ಸಿಗ್ತದಾ ಸರ್ಕಾರದಲ್ಲಿ?" ಎಂದರು.

ನನಗೆ ಮಜ್ಜಿಗೆ ಕೊಟ್ಟರು. ನಾನು ಕುಡಿಯುವಾಗ ರೊಪ್ಪದ ಕಡೆಗೆ ನೋಡಿ ದನಿ ತಗ್ಗಿಸಿದರು. "ಅಣ್ಣ ಯಾಕೋ ಈಚೀಚೆಗೆ ಜನದ ಜೊತೆ ಸೇರಾಕಿಲ್ಲ. ನನ್ನ ಕಾಲಿನ ಯೋಚನೆ ಹತ್ಕಂಡದೆ. ನೀವು ಇಷ್ಟೆಲ್ಲ ಹೊತ್ಕಂಡು ಬಂದ್ರೂ ಮಾತಾಡಿಸ್ದೆ ಹೋಯ್ತು ನೋಡಿ. ಬೇಜಾರು ಮಾಡ್ಕಬ್ಯಾಡಿ ಸಾ."

"ಇಲ್ಲಕ್ಕ" ಎಂದೆ.

ಅದಕ್ಕಿಂತ ಹೆಚ್ಚು ಹೇಳಲು ಯಜಮಾನರು ನನಗೆ ಅವಕಾಶ ಉಳಿಸಿರಲಿಲ್ಲ. ಉಳಿಸಿದ್ದರೆ ಹೇಳುತ್ತಿದ್ದೆನೇ ಎಂದು ಈಗಲೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ. ಹೌದು ಎನ್ನುವ ಧೈರ್ಯ ಬಂದಿಲ್ಲ.